ಹಾಲುಹಲ್ಲು

ಬೀಳಲಿರುವ ಮನೆಗೆ ಸುಣ್ಣ ಬಳಿಯುವವರಾರು? ಹಾಲುಹಲ್ಲಿನ ವಿಷಯದಲ್ಲಿ ನಮ್ಮ ಅನೇಕ ಗೃಹಸ್ಥರ ತರ್ಕವು ಇಷ್ಟೇ. ತಾನಾಗಿ ಉದುರಿಹೋಗುವ ಹಲ್ಲಿಗೆ ಇಷ್ಟೊಂದು ಉಪಚಾರವೇಕೆಂಬ ಮಾತನ್ನು ನಮ್ಮ ಮನೆಯ ಜಗಲಿಯ ಮೇಲೆಯೇ ನಾನು ಎಷ್ಟೋ ಸಲ ಕೇಳಿದ್ದೇನೆ.

ಹಾಲುಹಲ್ಲುಗಳು ಒಟ್ಟು 20. ಆರನೆಯ ತಿಂಗಳ ಸುಮಾರಿಗೆ ಮೊದಲನೆಯದು ಮೊಳೆತು, ಮೂರು ವರುಷ ತುಂಬುವ ವೇಳೆಗೆ ಎಲ್ಲವೂ ಬಂದಿರುತ್ತವೆ. ಮುಂದಿನವು ಆರೇಳು ವರುಷಕ್ಕೆ ಬೀಳತೊಡಗುವುವಾದರೂ, ದವಡೆಯವು ಹತ್ತು ಹನ್ನೆರಡು ವರುಷದವರೆಗೆ ಮಗುವಿನ ಅನ್ನವನ್ನು ಅಗಿಯಬೇಕು. ಮುಂಬರುವ ಹಲ್ಲುಗಳಿಗೆ ಸ್ಥಳವನ್ನು ಕಾದಿರಿಸುವವೂ ಅವೇ. ಅಕಾಲದಲ್ಲಿ ಒಂದು ಹೋದರೆ ನೆರೆಯ ಹಲ್ಲು ಆ ತೆರವಿಗೆ ವಾಲಿ, ಹೊಸದು ಡೊಂಕಾಗಿ ಹುಟ್ಟುವುದುಂಟು. ಇದಲ್ಲದೆ, ಆರನೆಯ ವರುಷದ ಸುಮಾರಿಗೆ ಯಾವ ಹಲ್ಲೂ ಬೀಳದೆಯೇ, ಎಲ್ಲಕ್ಕೂ ಹಿಂದೆ ಹೊಸ ದವಡೆಹಲ್ಲೊಂದು ಮೂಡುತ್ತದೆ. ತಂದೆತಾಯಿಗಳು ಅದನ್ನೂ ಹಾಲುಹಲ್ಲೆಂದೇ ಬಗೆದು ಉದಾಸೀನರಾಗುತ್ತಾರೆ. ಅದಾದರೋ ಬಾಳಿನುದ್ದಕ್ಕೂ ಇರಬೇಕಾದದ್ದು.

ನೆರೆಮನೆಯ ಐದು ವರುಷದ ಹುಡುಗಿಯೊಬ್ಬಳು ರಾತ್ರಿಯೆಲ್ಲ ಹಲ್ಲುನೋವಿನಿಂದ ಅತ್ತು, ಮರುದಿನ ಹಬ್ಬದ ಚಕ್ಕುಲಿಯನ್ನು ಕೈಯಲ್ಲಿ ಹಿಡಿದೂ ಕಚ್ಚಲಾರದೆ ಕುಳಿತಿದ್ದುದನ್ನು ಕಂಡಂದಿನಿಂದ, ನಮ್ಮ ಜಗಲಿಯ ಆ ತರ್ಕವು ನಿಂತುಹೋಯಿತು.

ಹುಳುಕು ಎಂಬ ಶಬ್ದದಲ್ಲಿ ಹುಳುವಿದ್ದರೂ ಹಲ್ಲಿನಲ್ಲಿ ಹುಳುವಿಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಬೆಲ್ಲಗಳನ್ನುಂಡು ಆಮ್ಲವನ್ನು ಹುಟ್ಟಿಸುತ್ತವೆ. ಆ ಆಮ್ಲವು ಹಲ್ಲಿನ ಕವಚವನ್ನು ಕರಗಿಸುತ್ತದೆ. ಹಾಲುಹಲ್ಲಿನ ಕವಚವು ತೆಳುವಾದುದರಿಂದ ಕೇಡು ಬೇಗನೆ ಒಳಗಿಳಿಯುತ್ತದೆ. ಹಗಲು ಜೊಲ್ಲು ಬಾಯನ್ನು ತೊಳೆಯುತ್ತಿರುವುದು. ನಿದ್ರೆಯಲ್ಲಿ ಅದು ತೀರ ಕಡಮೆ. ಆದ್ದರಿಂದಲೇ ಹಾಲಿನ ಶೀಸೆಯನ್ನು ಬಾಯಲ್ಲಿರಿಸಿ ಮಗುವನ್ನು ಮಲಗಿಸುವುದು ಅಪಾಯಕರ. ನಮ್ಮ ಆಚಾರದಲ್ಲಿ ದಂತಧಾವನವು ಪ್ರಾತಃಕಾಲದ ವಿಧಿ. ಅದನ್ನು ಬಿಡದೆ, ಮಲಗುವ ಮುನ್ನ ಇನ್ನೊಮ್ಮೆ ನಡೆಸಬೇಕು.

ಇದ್ದಿಲು, ಇಟ್ಟಿಗೆಪುಡಿಗಳು ಎಳೆಯ ಹಲ್ಲನ್ನು ಸವೆಯಿಸುತ್ತವೆ. ಮೆತ್ತನೆಯ ಚಿಕ್ಕ ಬ್ರಷ್ಷೇ ಲೇಸು. ಫ್ಲೋರೈಡು ಸೇರಿದ ಪೇಸ್ಟು ಮೂರು ವರುಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರುಷದವರಿಗೆ ಬಟಾಣಿಯಷ್ಟು ಸಾಕು. ಮಿತದಲ್ಲಿ ಹಲ್ಲನ್ನು ಕಾಯುವ ಆ ವಸ್ತುವೇ ಮಿತಿಮೀರಿದರೆ ಕಲೆಯನ್ನುಂಟುಮಾಡುವುದನ್ನು ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಹಲ್ಲುಗಳೇ ಸಾರುತ್ತವೆ. ಉಜ್ಜಿದ ಮೇಲೆ ಉಗುಳುವುದನ್ನು ಮಗುವಿಗೆ ಮೊದಲು ಕಲಿಸಬೇಕು.

ಕಲಿಸುವುದೆಂತು? ಏಳೆಂಟು ವರುಷದವರೆಗೆ ಮಗುವಿನ ಕೈಗೆ ಆ ಕೌಶಲ ಬಾರದು. ಹಿರಿಯರ ಕೈ ಜೊತೆಗಿರಲೇಬೇಕು. "ಡಾಕ್ಟರು ಬಂದು ಹಲ್ಲು ಕೀಳುತ್ತಾರೆ" ಎಂದು ಹೆದರಿಸುವುದು ಹಲವರ ಉಪಾಯ. ಅದರಿಂದ ಮಗು ಹಲ್ಲುಜ್ಜುವುದನ್ನು ಕಲಿಯುವುದೋ ಇಲ್ಲವೋ, ಡಾಕ್ಟರನ್ನು ಕಂಡರೆ ಓಡುವುದನ್ನಂತೂ ಕಲಿಯುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮೊಮ್ಮಗನು ನನ್ನ ಬ್ರಷ್ಷನ್ನು ಹಿಡಿದು, "ತಾತ, ಆ ಅನ್ನು" ಎಂದು ಅಪ್ಪಣೆ ಮಾಡಿ, ನನಗೆ ಉಳಿದಿರುವ ಹಲ್ಲುಗಳನ್ನು ಎಣಿಸಿ ಎಣಿಸಿ ಉಜ್ಜುತ್ತಾನೆ. ಆಮೇಲೆ ನನ್ನ ಸರದಿ. ತೊಡೆಯ ಮೇಲೆ ತಲೆಯಿಟ್ಟು ಬಾಯ್ದೆರೆದ ಮಗುವಿನಲ್ಲಿ ಆಗ ಹಟವಿರುವುದಿಲ್ಲ. ತಾತನಿಗೂ ವಿನಾಯಿತಿಯಿಲ್ಲವೆಂದು ಅದು ಕಂಡಿದೆಯಷ್ಟೆ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆಯು ಒಳ್ಳೆಯ ಚಾಳಿಗೂ ಸಲ್ಲುವುದು.

ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆಸೆದು, ಒಳ್ಳೆಯ ಹಲ್ಲು ಬರಲೆಂದು ಹಾರೈಸುವ ವಾಡಿಕೆ ನಮ್ಮಲ್ಲುಂಟು. ಹಾರೈಕೆ ಇರಲಿ. ಅದು ಬೀಳುವ ಮುನ್ನಿನ ಆರೇಳು ವರುಷಗಳ ರಾತ್ರಿಗಳಲ್ಲಿ ಎರಡೆರಡು ನಿಮಿಷ ಮಗುವಿನೊಡನೆ ಕುಳಿತವರ ಹಾರೈಕೆಯು ಫಲಿಸುವ ಸಂಭವ ಹೆಚ್ಚು.