ಪಲ್ಪರ್‌ಗಿಂತ ಮೊದಲು ಗುಂಡಿ

ಪ್ರೀತಿಯ ಪುಟ್ಟು,

ಈ ಸಲ ಅರೇಬಿಕಾ ಕಾಫಿ ಹಣ್ಣನ್ನು ಇಡಿಯಾಗಿ ಒಣಗಿಸಿ ಚೆರಿ ಮಾಡಿ ಮಾರುವುದಿಲ್ಲ, ಸಿಪ್ಪೆ ಸುಲಿಯುವ ಪಲ್ಪರ್ ಕೂರಿಸಿ, ಬೀಜ ತೊಳೆದು ಪಾರ್ಚ್‌ಮೆಂಟ್ ಮಾಡುತ್ತೇನೆ ಅಂದೆಯಲ್ಲ, ಖುಷಿಯಾಯಿತು. ಒಳ್ಳೆ ಹಣ್ಣಿಗೆ ಒಳ್ಳೆ ರೇಟು ಸಿಗಲಿ. ಆದರೆ ತೊಳೆದ ನೀರನ್ನು ಏನು ಮಾಡ್ತೀಯ ಅಂದಿದ್ದಕ್ಕೆ, "ಹಳ್ಳ ಇದೆಯಲ್ಲಕ್ಕ, ಹರಿದು ಹೋಗುತ್ತೆ" ಅಂದೆ. ಆ ಮಾತಿಗೇ ಈ ಕಾಗದ.

ಹರಿದು ಹೋಗುವುದಿಲ್ಲ ಕಣೋ. ಅರೇಬಿಕಾ ಹಣ್ಣಾಗುವುದು ಮಳೆ ನಿಂತ ಮೇಲೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿದ್ದರೆ ಹೆಚ್ಚು. ಮೂಡಿಗೆರೆಯಿಂದ ಸಕಲೇಶಪುರದವರೆಗೆ ಎಲ್ಲರ ಪಲ್ಪರ್ ಓಡುವುದೂ ಆಗಲೇ. ಹಳ್ಳ ಸೇರಿದ್ದೆಲ್ಲ ಹೇಮಾವತಿಗೆ. ಇಲ್ಲಿ ಹಾಸನದಲ್ಲಿ ನಾವು ಕುಡಿಯುವುದೂ ಆ ಹೊಳೆಯ ನೀರನ್ನೇ.

ನಾವೇನು ವಿಷ ಬಿಡ್ತೀವಾ ಅಂತ ನೀನು ಕೇಳಬಹುದು. ಸಿಪ್ಪೆಯಲ್ಲಿ, ಬೀಜದ ಮೇಲಿನ ಲೋಳೆಯಲ್ಲಿ ಇರುವುದು ಸಕ್ಕರೆ ಮತ್ತು ಪೆಕ್ಟಿನ್, ನಿಜ. ಅಪಾಯ ಇರುವುದೂ ಅಲ್ಲೇ. ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತವೆ, ನೀರಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಮೀನು ಉಸಿರುಕಟ್ಟಿ ಸಾಯುತ್ತವೆ. ಹೀಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಅನ್ನುವ ಅಳತೆಗೇ ಬಿಒಡಿ ಅನ್ನುವುದು. ಹೊಳೆಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಪಲ್ಪರ್ ನೀರಿನದು ಸಾವಿರಗಳ ಲೆಕ್ಕ. ಹುಳಿ ಬೇರೆ. ಕಪ್ಪಾಗಿ ನಾರುವ ಆ ನೀರಿನಲ್ಲೇ ಕೆಳಗಿನ ಕೆಲಸಗಾರರ ಲೈನ್ ಮನೆಯ ಹೆಂಗಸರು ಪಾತ್ರೆ ತೊಳೆಯಬೇಕು.

ಮೊದಲು ನೀರೇ ಕಡಿಮೆ ಬಳಸು. ಪಲ್ಪರ್‌ಗೆ ಬಿಟ್ಟ ನೀರನ್ನು ಜಾಲರಿಯಲ್ಲಿ ಸೋಸಿ, ಅದೇ ದಿನ ಮತ್ತೆ ಪಲ್ಪರ್‌ಗೇ ತಿರುಗಿಸಬಹುದು. ಕೊನೆಗೆ ಉಳಿದದ್ದಕ್ಕೆ ಸುಣ್ಣ ಹಾಕಿ ಹುಳಿ ಮುರಿ. ಆಮೇಲೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಆಳದ ಗುಂಡಿಯಲ್ಲಿ ಸಗಣಿ ಬಗ್ಗಡ ಬೆರೆಸಿ ಸುಮಾರು ಮೂರು ವಾರ ನಿಲ್ಲಿಸಬೇಕು. ಗಾಳಿ ಬೇಡದ ಬ್ಯಾಕ್ಟೀರಿಯಾ ಅಲ್ಲಿ ಕೆಲಸ ಮಾಡುತ್ತವೆ. ಮುಂದಿನ ಗುಂಡಿಯಲ್ಲಿ ಗಾಳಿ ಆಡಿಸಬೇಕು. ಅಷ್ಟಾದ ಮೇಲೂ ಹಳ್ಳಕ್ಕೆ ಬೇಡ, ತೋಟಕ್ಕೇ ಬಿಡು. ಗುಂಡಿ ಬಾವಿಯ ಹತ್ತಿರ ಬರದ ಹಾಗೆ ನೋಡಿಕೋ.

ಸಿಪ್ಪೆಯನ್ನು ಹಳ್ಳದ ದಡದಲ್ಲಿ ರಾಶಿ ಹಾಕಿದವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಣ್ಣಿನ ತೂಕದಲ್ಲಿ ಹತ್ತಿರ ಹತ್ತಿರ ಶೇ. 40 ಅದೇ. ಪೊಟ್ಯಾಷ್ ತುಂಬಿದ ಗೊಬ್ಬರ! ಸಗಣಿ, ತರಗೆಲೆ ಸೇರಿಸಿ, ಆಗಾಗ ಮಗುಚಿ, ಚೆನ್ನಾಗಿ ಕಳಿತ ಮೇಲೆ ಕಾಫಿ ಬುಡಕ್ಕೆ ಹಾಕಿಸು. ಚೀಲ ಹೊತ್ತು ತರುವ ಗೊಬ್ಬರದ ಖರ್ಚೂ ಅಷ್ಟು ಉಳಿಯುತ್ತದೆ.

1974ರ ಜಲ ಕಾಯ್ದೆ ಇದೆ, ಮಾಲಿನ್ಯ ಮಂಡಳಿಯವರು ಬರಬಹುದು. ಅವರಿಗೆ ಹೆದರಿ ಮಾಡು ಅನ್ನುವುದಿಲ್ಲ, ಹೊಳೆಗಾಗಿ ಮಾಡು. ಕೊಯ್ಲಿನೊಳಗೆ ಗುಂಡಿ ಆಗದಿದ್ದರೆ ಈ ವರ್ಷವೂ ಕಣದಲ್ಲಿ ಒಣಗಿಸಿ ಚೆರಿಯನ್ನೇ ಮಾರು. ಅದಕ್ಕೆ ತೊಳೆಯುವ ನೀರೇ ಬೇಡ. ರೇಟು ಸ್ವಲ್ಪ ಕಡಿಮೆ ಬರಲಿ, ಪಲ್ಪರ್ ಮುಂದಿನ ವರ್ಷಕ್ಕೆ ಕಾಯಲಿ.

ಕಾಫಿ ಮಂಡಳಿಯ ಸಂಪರ್ಕಾಧಿಕಾರಿಯನ್ನು ತೋಟಕ್ಕೆ ಕರೆಸಿ ಜಾಗ ತೋರಿಸು, ನಿನ್ನ ಹಣ್ಣಿನ ಲೆಕ್ಕಕ್ಕೆ ಗುಂಡಿಯ ಅಳತೆ ಬರೆಸಿಕೋ. ಸಹಾಯಧನ ಇದೆಯಾ ಅಂತಲೂ ಕೇಳು. ಹಾಳೆಗೆ ದುಡ್ಡು ಸಾಲದಿದ್ದರೆ ಈ ಸಲದ ನನ್ನ ಪಾಲಿನ ಮೆಣಸಿನ ಹಣ ಕಳಿಸಬೇಡ, ಅದಕ್ಕೇ ಹಾಕು. ನಿನ್ನ ಭಾವನಿಗೂ ಹೇಳಿದ್ದೇನೆ.

ನಿನ್ನ ಪ್ರೀತಿಯ
ಅಕ್ಕ