ಮಾವನ ದೋಣಿಗೆ ಎರಡು ಚಕ್ರ

ದೋಣಿ ಇಟ್ಟುಕೊಂಡವರನ್ನು ಕೇಳಿ ನೋಡಿ, ನೀರಿನ ಮೇಲಿನ ಕಷ್ಟದ ಬಗ್ಗೆ ಅವರು ಹೆಚ್ಚೇನೂ ಹೇಳುವುದಿಲ್ಲ. ಎಂಜಿನ್ ಕೈಕೊಟ್ಟರೆ ಹುಟ್ಟು ಉಂಟು, ಹುಟ್ಟೂ ಮುರಿದರೆ ಕೂಗಿ ಕರೆಯಲಿಕ್ಕೆ ಬಾಯಿ ಉಂಟು. ನಿಜವಾದ ತಲೆನೋವು ನೀರಿಗೂ ನೆಲಕ್ಕೂ ನಡುವಿನ ಇಪ್ಪತ್ತು ಅಡಿಯದ್ದು. ನೀರಲ್ಲಿದ್ದಾಗ ಒಂದು ಬೆರಳಲ್ಲಿ ದೂಡಬಹುದಾದ ದೋಣಿ, ದಡಕ್ಕೆ ಮೂತಿ ತಾಗಿಸಿದ್ದೇ ತಡ, ಮಲಗಿದ ಎಮ್ಮೆಯ ಹಾಗೆ ಏಳುವುದೇ ಇಲ್ಲ ಅಂತ ಕೂತುಬಿಡುತ್ತದೆ. ತೇಲುವ ವಸ್ತುವಿನ ಭಾರವನ್ನು ನೀರು ಹೊರುತ್ತದೆ ಅಂತ ಆರ್ಕಿಮಿಡೀಸನನ್ನು ಬಾಯಿಪಾಠ ಮಾಡಿದ್ದೇನೋ ಹೌದು. ನೀರು ಹೊರುವುದನ್ನು ಬಿಟ್ಟ ಮೇಲೆ ಯಾರು ಹೊರಬೇಕು ಅನ್ನುವುದು ಸಿಲೆಬಸ್ಸಿನಲ್ಲಿರಲಿಲ್ಲ.

ಮಂಗಳೂರಲ್ಲಿ ಇದಕ್ಕೆ ಹಳೆಯ ಉತ್ತರ ಒಂದೇ: ಜನ. ಮಳೆಗಾಲದಲ್ಲಿ ಪಣಂಬೂರು, ತಣ್ಣೀರುಬಾವಿ ಕಡೆಗೆ ಹೋದವರು ನೋಡಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅವೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿಕೊಂಡಿರುತ್ತವೆ. 10 ಎಚ್‌ಪಿ ಒಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಒಂದು ನಾಡದೋಣಿಯನ್ನು ಮರಳಿನಿಂದ ಅಲೆಗೆ ಇಳಿಸಲಿಕ್ಕೆ ಎರಡೂ ಬದಿಯಲ್ಲಿ ಜನ ಹೆಗಲು ಕೊಡುತ್ತಾರೆ. ಒಬ್ಬ ಕೂಗುತ್ತಾನೆ, ಉಳಿದವರು 'ಐಲೇಸಾ' ಅಂತ ಒಟ್ಟಿಗೆ ನೂಕುತ್ತಾರೆ. ಆ ಕೂಗನ್ನು ಹಾಡು ಅಂತ ರೆಕಾರ್ಡ್ ಮಾಡಿಕೊಂಡು ಹೋಗುವವರಿದ್ದಾರೆ. ಅದು ಮೊದಲಿಗೆ ಎಲ್ಲರ ಬಲ ಒಂದೇ ಕ್ಷಣಕ್ಕೆ ಬೀಳಲಿ ಅಂತ ಮಾಡಿಕೊಂಡ ಏರ್ಪಾಡು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕ್ಲಾಕ್ ಸಿಗ್ನಲ್.

ನನ್ನ ಮಾವನದು ಸಮುದ್ರದ ದೋಣಿಯಲ್ಲ. ಬಂಗ್ರಕೂಳೂರಿನಲ್ಲಿ ಫಲ್ಗುಣಿ ನದಿಯ ದಡದಲ್ಲಿ ಮನೆ, ಹಿಂದೆ ತೆಂಗಿನ ತೋಟ, ತೋಟ ದಾಟಿದರೆ ಕಡವು. ಕೆಂಪುಕಲ್ಲು ಹಾಸಿದ ಒಂದು ಇಳಿಜಾರು ನೀರಿಗೆ ಇಳಿಯುತ್ತದೆ. ಹದಿನಾಲ್ಕು ಅಡಿಯ ಫೈಬರ್ ದೋಣಿ, ಹಿಂದೆ 9.9 ಎಚ್‌ಪಿಯ ಔಟ್‌ಬೋರ್ಡ್. ಜೀವನಕ್ಕೆ ಅವರು ಓಡಿಸಿದ್ದು ಸ್ಕೂಲ್ ಮಕ್ಕಳ ಓಮ್ನಿ. ಜೀವ ಇದ್ದದ್ದು ದೋಣಿಯಲ್ಲಿ. ಕಾನೆ, ಏಡಿ, ಮರುವಾಯಿ ತಂದು ಮನೆಗಿಷ್ಟು, ನೆರೆಕರೆಗಿಷ್ಟು ಹಂಚುತ್ತಿದ್ದರು. ಬಂಟ್ವಾಳದ ನೇತ್ರಾವತಿ ದಡದ ಹಳ್ಳಿಯಲ್ಲಿ ಬೆಳೆದ ನನಗೆ ರಜೆ ಅಂದರೆ ಈ ಮನೆ, ಈ ದೋಣಿ.

ದೋಣಿಯನ್ನು ನೀರಲ್ಲೇ ಕಟ್ಟಿಟ್ಟರೆ ಆಗುವುದಿಲ್ಲವೇ ಅಂತ ನೀವು ಕೇಳಬಹುದು. ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಅಡಿಗೆ ಪಾಚಿ, ಚಿಪ್ಪು ಹತ್ತುತ್ತದೆ. ಜೋರು ಮಳೆ ಬಂದರೆ ದೋಣಿಯೊಳಗೆ ನೀರು ತುಂಬುತ್ತದೆ, ನೆರೆ ಬಂದರೆ ಹಗ್ಗ ಕಿತ್ತುಕೊಂಡು ಹೋಗುತ್ತದೆ. ಹಾಗಾಗಿ ಪ್ರತಿ ಸಲ ಇಳಿಸಬೇಕು, ಪ್ರತಿ ಸಲ ಹತ್ತಿಸಬೇಕು. ತೆಂಗಿನ ಮರದ ಉರುಟು ತುಂಡುಗಳನ್ನು ಅಡಿಗೆ ಕೊಟ್ಟು ಎಳೆಯಲಿಕ್ಕೆ ಆರರಿಂದ ಎಂಟು ಜನ. ಮೊದಲು ಒಂದು ಕೂಗು ಹಾಕಿದರೆ ಬರುತ್ತಿದ್ದರು. ಈಗ ಆ ಮನೆಗಳ ಹುಡುಗರು ದುಬೈಯಲ್ಲಿ, ಬೆಂಗಳೂರಲ್ಲಿ, ಇನ್ನು ಕೆಲವರು ನನ್ನ ಹಾಗೆ ಲ್ಯಾಪ್‌ಟಾಪ್ ಮುಂದೆ.

ಊರಲ್ಲೇ ಉಳಿದವರಿಗೂ ಬರಲಿಕ್ಕಾಗದ ಒಂದು ಕಾರಣ ನನಗೆ ತಡವಾಗಿ ಹೊಳೆಯಿತು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇಳಿತದಲ್ಲಿ ಕಲ್ಲಿನ ಇಳಿಜಾರು ಮುಗಿದು ಮೊಣಕಾಲುದ್ದ ಕೆಸರು ಶುರುವಾಗುತ್ತದೆ, ಆದ್ದರಿಂದ ಕೆಲಸ ಉಬ್ಬರದ ಹೊತ್ತಿಗೇ ಆಗಬೇಕು. ಆ ಹೊತ್ತೋ, ದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಜಾರುತ್ತದೆ. ಇವತ್ತು ಐದು ಗಂಟೆ, ನಾಳೆ ಆರಕ್ಕೆ ಹತ್ತು ನಿಮಿಷ, ನಾಡಿದ್ದು ಏಳರ ಹತ್ತಿರ. ಚಂದ್ರನ ಡ್ಯೂಟಿ ಚಾರ್ಟಿಗೆ ಹೊಂದಿಕೊಳ್ಳಲಿಕ್ಕೆ ತೋಟದ ಕೆಲಸದವರಿಗೆ ಆಗುತ್ತಿತ್ತು. ಒಂಬತ್ತಕ್ಕೆ ಪಂಚ್ ಮಾಡುವವನಿಗೆ ಆಗುವುದಿಲ್ಲ.

ಎರಡು ವರ್ಷ ದೋಣಿ ಮಡಲಿನ ಮಾಡಿನಡಿಯಲ್ಲಿ ಕವುಚಿಕೊಂಡೇ ಇತ್ತು. ಮಾವನಿಗೆ 64. ಒಂದು ಆದಿತ್ಯವಾರ ಊಟಕ್ಕೆ ಕೂತಾಗ, "ದೋಣಿ ಕೊಡುವಾ ಅಂತ ಉಂಟು. ಗಿರಾಕಿ ಬಂದಿದ್ದಾನೆ" ಅಂದರು. (ಮಾತು ತುಳುವಿನದ್ದು, ಇಲ್ಲಿ ಕನ್ನಡಕ್ಕೆ ಮಗುಚಿದ್ದೇನೆ.) ಅತ್ತೆ ಏನೂ ಹೇಳದೆ ಸಾರು ಬಡಿಸಿದರು. ಮಾವ ಮೀನನ್ನು ಮುಟ್ಟಲಿಲ್ಲ. ಅದು ಮಾರ್ಕೆಟ್ಟಿನ ಮೀನು.

ನನಗೆ ನೆನಪಾದದ್ದು ಸಿಯಾಟಲ್. ಆನ್‌ಸೈಟ್ ಅಂತ ಆರು ತಿಂಗಳು ಅಲ್ಲಿದ್ದಾಗ ಲೇಕ್ ವಾಷಿಂಗ್ಟನ್ ದಡದ ಕಾಂಕ್ರೀಟ್ ಇಳಿಜಾರಿನಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ಒಬ್ಬಳೇ ದೋಣಿ ಹತ್ತಿಸಿಕೊಂಡು ಹೋದದ್ದನ್ನು ಬೆಂಚಿನ ಮೇಲೆ ಕೂತು ನೋಡಿದ್ದೆ. ಹತ್ತು ನಿಮಿಷ ಹಿಡಿದಿರಬಹುದು. ಯಾರೂ ಅವಳ ಸಹಾಯಕ್ಕೆ ಏಳಲಿಲ್ಲ, ಅವಳೂ ಯಾರನ್ನೂ ನೋಡಲಿಲ್ಲ. ಅವಳ ಹತ್ತಿರ ಇದ್ದದ್ದು ಟಿಲ್ಟ್ ಟ್ರೇಲರ್.

ನೀವು ಏತ ನೋಡಿದ್ದರೆ ಟಿಲ್ಟ್ ಟ್ರೇಲರ್ ಅರ್ಥವಾಗಲಿಕ್ಕೆ ಒಂದು ನಿಮಿಷ ಸಾಕು. ಎರಡು ಚಕ್ರದ ಗಾಡಿ. ದೋಣಿ ಕೂರುವ ಚೌಕಟ್ಟು ಆಕ್ಸಲಿನ ಹತ್ತಿರ ಒಂದು ಕೀಲಿನ ಮೇಲೆ ನಿಂತಿರುತ್ತದೆ. ಓಡಾಡುವಾಗ ಮುಂದೆ ಒಂದು ಪಿನ್ನು ಹಾಕಿ ಅಲುಗದ ಹಾಗೆ ಮಾಡಿರುತ್ತಾರೆ. ನೀರಿನ ಅಂಚಿಗೆ ಹಿಮ್ಮುಖವಾಗಿ ತಂದು ಪಿನ್ನು ತೆಗೆದು ಮೂತಿಯನ್ನು ಎತ್ತಿದರೆ ಚೌಕಟ್ಟು ಹಿಂದಕ್ಕೆ ವಾಲುತ್ತದೆ, ದೋಣಿ ರೋಲರುಗಳ ಮೇಲೆ ಜಾರಿ ನೀರಿಗೆ ಹೋಗುತ್ತದೆ. ಹತ್ತಿಸುವಾಗ ಮುಂದಿನ ವಿಂಚಿನ ಪಟ್ಟಿಯನ್ನು ದೋಣಿಯ ಮೂತಿಯ ಬಳೆಗೆ ಸಿಕ್ಕಿಸಿ ಹ್ಯಾಂಡಲ್ ತಿರುಗಿಸುತ್ತಾ ಹೋಗುವುದು. ದೋಣಿಯ ಭಾರ ಕೀಲನ್ನು ದಾಟಿತೋ, ಚೌಕಟ್ಟು ತಾನಾಗಿ ಮುಂದಕ್ಕೆ ಬಿದ್ದು ಸಮತಟ್ಟಾಗುತ್ತದೆ. ಆಗ ಪಿನ್ನು ಹಾಕಿದರೆ ಆಯ್ತು. ಆ ಬೀಳುವ ಕ್ಷಣಕ್ಕೆ ಕೈಬೆರಳು ಅಲ್ಲಿರಬಾರದು, ಅಷ್ಟೇ.

ದೋಣಿ, ಎಂಜಿನ್, ಬಲೆ ಎಲ್ಲ ಸೇರಿ 220 ಕೆಜಿ. ಹತ್ತು ಡಿಗ್ರಿಯ ಇಳಿಜಾರಿನಲ್ಲಿ ಎಳೆಯಬೇಕಾದ ಭಾರ ಸುಮಾರು 38 ಕೆಜಿಯಷ್ಟು, ಘರ್ಷಣೆಗೆ ಅದರ ಅರ್ಧ ಸೇರಿಸಿದರೂ 60 ದಾಟುವುದಿಲ್ಲ. ಹ್ಯಾಂಡಲ್ ಮತ್ತು ಹಲ್ಲುಚಕ್ರ ಸೇರಿ ಹದಿನೈದು ಪಟ್ಟು ಲಾಭ ಕೊಟ್ಟರೆ ಕೈಗೆ ಬರುವುದು ನಾಲ್ಕು ಕೆಜಿ. ಬಿಇ ಮುಗಿಸಿ ಇಷ್ಟು ವರ್ಷದಲ್ಲಿ ಕಾಗದದ ಮೇಲೆ ಬರೆದ ಒಂದು ಲೆಕ್ಕ ನಮ್ಮ ಮನೆಯವರ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಯೆಯ್ಯಾಡಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಗುಜರಿಯಿಂದ ಮಾರುತಿ 800ರ ಹಿಂದಿನ ಆಕ್ಸಲ್ ಮತ್ತು 12 ಇಂಚಿನ ಚಕ್ರಗಳು. ಆ ಕಾರಿಗೆ ಮುಂದಿನ ಚಕ್ರಕ್ಕೆ ಎಂಜಿನ್ನಿನ ಬಲ, ಹಿಂದಿನದ್ದು ಸುಮ್ಮನೆ ಉರುಳುವ ಆಕ್ಸಲ್, ನಮಗೆ ಬೇಕಾದದ್ದೂ ಅದೇ. ಬಣ್ಣ ಹೊಡೆದರೆ ಸಾಕು ಅಂತ ವೆಲ್ಡರ್ ಹೇಳಿದ. ಉಪ್ಪುನೀರಿನ ಕೆಲಸ, ಸತು ಲೇಪ ಬೇಕೇ ಬೇಕು ಅಂತ ನಾನು ಹಠ ಹಿಡಿದೆ. ರಸ್ತೆಗೆ ಇಳಿಸುವುದಾದರೆ ಆರ್‌ಟಿಒ ನೋಂದಣಿ ಎಲ್ಲ ಬೇಕು, ನಮ್ಮದು ಅಂಗಳದಿಂದ ತೋಟದ ದಾರಿಯಾಗಿ ಕಡವಿಗೆ ಮಾತ್ರ.

ಮಾವನಿಗೆ ಇಷ್ಟವಾಗಲಿಲ್ಲ. "ದೋಣಿಗೆ ಚಕ್ರ ಎಂತಕ್ಕೆ ಮಾರಾಯ? ಜನ ಬರುದಿಲ್ಲ ಅಂದ್ರೆ ಹೊತ್ತಾಯ್ತು ಅಂತ ಲೆಕ್ಕ" ಅಂದರು. ನಾನು ವಾದ ಮಾಡಲಿಲ್ಲ. ಗಾಡಿಯನ್ನು ಹಳೆ ಓಮ್ನಿಗೆ ಸಿಕ್ಕಿಸಿ, "ರಿವರ್ಸ್ ಹೋಗಿ ನೋಡಿ" ಅಂದೆ.

ಟ್ರೇಲರ್ ಕಟ್ಟಿಕೊಂಡು ಹಿಂದೆ ಹೋಗುವುದು ಎಲ್ಲರಿಗೂ ಸಿದ್ಧಿಸುವ ವಿದ್ಯೆಯಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿಯ ಹಿಂಭಾಗ ಬಲಕ್ಕೆ ಹೋಗುತ್ತದೆ. ನನಗೆ ಇವತ್ತಿಗೂ ಹತ್ತು ಅಡಿ ನೇರ ಹೋಗಲಿಕ್ಕೆ ಬರುವುದಿಲ್ಲ. ಮಾವ ಅರ್ಧ ಗಂಟೆಯಲ್ಲಿ ಕಲಿತರು. ಹೇಗೆ ಅಂತ ಕೇಳಿದರೆ, "ಇದು ಎಂಜಿನ್ನಿನ ಕೋಲಿನ ಹಾಗೇ ಅಲ್ವಾ?" ಅಂದರು. ಔಟ್‌ಬೋರ್ಡಿನ ಹಿಡಿಯನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ನಲವತ್ತು ವರ್ಷದ ಕೈಗೆ ಉಲ್ಟಾ ಎನ್ನುವುದೇ ಸುಲ್ಟಾ. ಅಂದ ಹಾಗೆ, ಗಿರಾಕಿಗೆ ಅವರು ಆ ಸಂಜೆಯೇ ಫೋನ್ ಮಾಡಿದರು.

ಒಂದೆರಡು ಎಚ್ಚರಿಕೆ ಇದ್ದೇ ಇರುತ್ತದೆ. ದೋಣಿ ನೀರು ಮುಟ್ಟುವವರೆಗೆ ವಿಂಚಿನ ಪಟ್ಟಿ ಬಿಚ್ಚಬಾರದು. ಇಳಿಸುವ ಮೊದಲು ತಳದ ತೂತಿನ ಬಿರಡೆ ಹಾಕಿದೆಯಾ ನೋಡಬೇಕು. ದಡದಲ್ಲಿ ನೀರು ಬಸಿಯಲೆಂದು ತೆಗೆದ ಬಿರಡೆಯನ್ನು ಮರೆತು ಮುಳುಗಿದ ದೋಣಿಗಳು ಲೋಕದ ಎಲ್ಲ ಕಡವಿನಲ್ಲೂ ಉಂಟು. ಚಕ್ರದ ಗುಂಬವನ್ನು ಆದಷ್ಟು ನೀರಿಗೆ ಮುಳುಗಿಸಬಾರದು. ಓಡಿ ಬಿಸಿಯಾದ ಬೇರಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಹೀರಿಕೊಳ್ಳುತ್ತದೆ, ಆಮೇಲೆ ತುಕ್ಕು. ವಾಲುವ ಗಾಡಿಯ ದೊಡ್ಡ ಲಾಭವೇ ಇದು, ಚಕ್ರ ದಡದಲ್ಲೇ ನಿಂತರೂ ದೋಣಿ ನೀರು ಸೇರುತ್ತದೆ. ಆದರೂ ಮನೆಗೆ ಬಂದ ಮೇಲೆ ಬಾವಿ ನೀರಲ್ಲಿ ತೊಳೆಯುವುದು ತಪ್ಪುವುದಿಲ್ಲ.

ಮೂರನೇ ವಾರಕ್ಕೆ ಮಾವ ಒಬ್ಬರೇ ಇಳಿಸಿ, ಒಬ್ಬರೇ ಹತ್ತಿಸಿ, ಎಂಟು ಗಂಟೆಗೆ ಕಾನೆ ತಂದಿಟ್ಟರು. ನಾನು ಆಫೀಸಿನಲ್ಲಿ ಎಲ್ಲರಿಗೂ ಫೋಟೋ ತೋರಿಸಿದೆ. ಅತ್ತೆಯ ಫೋನ್ ಬಂದದ್ದು ಆ ಮೇಲಿನ ವಾರ.

"ನೀನು ಒಳ್ಳೇದಕ್ಕೇ ಮಾಡಿದ್ದು ಮಗಾ. ಆದ್ರೆ ಮೊದಲು ಇವರು ನದಿಗೆ ಹೋದದ್ದು ಎಂಟು ಜನಕ್ಕೆ ಗೊತ್ತಿರ್ತಿತ್ತು. ಹೊತ್ತು ಮೀರಿದ್ರೆ ಅದರಲ್ಲಿ ಒಬ್ರಾದ್ರೂ ಕಡವಿಗೆ ಹೋಗಿ ನೋಡ್ತಿದ್ರು. ಇವತ್ತು ನಾನು ಏಳುವಾಗ ಇವರೂ ಇಲ್ಲ, ದೋಣಿಯೂ ಇಲ್ಲ. ಯಾರನ್ನು ಕೇಳುದು?"

ನನ್ನ ಲೆಕ್ಕದ ಹಾಳೆಯಲ್ಲಿ ಆ ಎಂಟು ಜನ ಬರೀ ಎಳೆಯುವ ಬಲವಾಗಿದ್ದರು. ನಾನು ಹೇಳಿದ್ದು ನಮ್ಮವರು ಯಾರಾದರೂ ಹೇಳುವಂಥದ್ದನ್ನೇ: ಫೋನಿನಲ್ಲಿ ಲೈವ್ ಲೊಕೇಶನ್ ಹಾಕುವ ಅಂತ. ಒದ್ದೆಯಾಗುತ್ತದೆ ಅಂತ ಮಾವ ಫೋನನ್ನು ಟಿವಿ ಮೇಲೆ ಇಟ್ಟು ಹೋಗುತ್ತಾರೆ ಅಂದರು ಅತ್ತೆ. ಲೈಫ್ ಜಾಕೆಟ್ ತಂದುಕೊಟ್ಟೆ, ಅದನ್ನು ಮಾತ್ರ ಗೊಣಗದೆ ಹಾಕಿಕೊಳ್ಳುತ್ತಾರೆ.

ಉಳಿದದ್ದನ್ನು ಅತ್ತೆಯೇ ಸರಿ ಮಾಡಿದರು. ವಿಂಚಿನ ಹ್ಯಾಂಡಲ್ ಬಿಚ್ಚಿ ತೆಗೆಯಲಿಕ್ಕೆ ಬರುತ್ತದೆ. ಅದಿಲ್ಲದೆ ದೋಣಿ ಇಳಿಯುವುದೂ ಇಲ್ಲ, ಹತ್ತುವುದೂ ಇಲ್ಲ. ಈಗ ಅದು ಇರುವುದು ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದೊಳಗೆ. ಮಾವ ಕೇಳಿಯೇ ತೆಗೆದುಕೊಂಡು ಹೋಗಬೇಕು, ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಬೇಕು. ಅತ್ತೆ ಅದನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಾರೆ. ಹಳೆಯ ಎಂಟು ಜನರಲ್ಲಿ ಊರಲ್ಲಿ ಉಳಿದ ಮೂವರ ಮನೆಗೆ ಎಳೆಯಲು ಬಾರದಿದ್ದರೂ ಮೀನು ಹೋಗಬೇಕು ಅನ್ನುವುದು ಅವರ ಇನ್ನೊಂದು ಕಟ್ಟಳೆ. ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬಹುದು ಅಂತ ಹಾಗೆ ಗೊತ್ತಿರುತ್ತದಲ್ಲ.

ಮೊನ್ನೆ ಹೋದಾಗ ಕ್ಯಾಲೆಂಡರ್ ನೋಡಿದೆ. ಹಾಲು ಒಂದು ಲೀಟರ್, ಅದರಡಿಯಲ್ಲಿ 'ತಣ್ಣೀರುಬಾವಿ ಕಡೆ, 9.30'. ಬಂದದ್ದು ಹತ್ತು ಗಂಟೆಗಂತೆ. ಆ ಅರ್ಧ ಗಂಟೆಗೆ ಅತ್ತೆ ಎರಡು ದಿನ ಹ್ಯಾಂಡಲ್ ಕೊಟ್ಟಿಲ್ಲ.