ನಾಲ್ಕನೆಯವನಿಗೂ ಒಂದು ಎಲೆ

ಶಾಲೆಯಲ್ಲಿ ಕಾರ್ಡು ಆಡಿಸ್ತೀನಿ ಅಂದರೆ ನಮ್ಮ ಕಡೆ ಜನ ಮೊದಲು ಹುಬ್ಬೇರಿಸ್ತಾರೆ. ತೆಲುಗಿನಲ್ಲಿ ಪೇಕಾಟ, ಕನ್ನಡದಲ್ಲಿ ಇಸ್ಪೀಟು, ಎರಡೂ ಭಾಷೆಯಲ್ಲಿ ಮಾನ ಕಳೆದುಕೊಂಡ ಪದಗಳೇ. ರಾಯದುರ್ಗದ ಕಡೆಯಾಗಲಿ ಮಡಕಶಿರದ ಕಡೆಯಾಗಲಿ, ಎಲೆ ಆಡಿ ಹೊಲ ಕಳೆದವನ ಕಥೆ ಊರಿಗೊಂದು ಇದ್ದೇ ಇರುತ್ತೆ. ಹಾಗಾಗಿ ಒಬ್ಬ ತಂದೆ ಬಂದು "ಏನ್ ಮೇಷ್ಟ್ರೇ, ಹುಡುಗರಿಗೆ ಎಲೆ ಹಾಕೋದು ಕಲಿಸ್ತಿದೀರಂತೆ?" ಅಂತ ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಕೂರಿಸಿಕೊಂಡು ಒಂದು ಆಟ ಆಡಿಸಿ ಕಳಿಸಿದೆ. ಸೋತರು. ಸೋಲಿಸಿದ್ದು ಅವರ ಮಗಳೇ.

ಇಸ್ಪೀಟಿನ ಬಗ್ಗೆ ಅಲ್ಲ ಈ ಬರಹ. ಪ್ಯಾಕೆಟ್ಟಿನಲ್ಲಿ ಬರುವ, ಕೂಡಿಸಿಟ್ಟುಕೊಳ್ಳುವ, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವ ಕಾರ್ಡುಗಳ ಬಗ್ಗೆ. ನೀವು ಮೇಷ್ಟ್ರಾಗಿದ್ದರೆ ನಿಮಗೂ ಗೊತ್ತು, ಈ ಕಾರ್ಡುಗಳು ಕಂಪಾಸ್ ಬಾಕ್ಸಿನೊಳಗೆ ಕೂತು ಶಾಲೆಗೆ ಬಂದೇ ಬರುತ್ತವೆ. ಕಿತ್ತುಕೊಂಡು ಬೀರುವಿಗೆ ಹಾಕೋದು ಒಂದು ದಾರಿ. ನಾನು ಇನ್ನೊಂದು ದಾರಿ ಹಿಡಿದೆ. ತರಗತಿಯಲ್ಲಿ ಒಂದು ತಗಡಿನ ಡಬ್ಬಿ ಇಟ್ಟೆ. ಅದರೊಳಗಿನ ಕಾರ್ಡು ಎಲ್ಲರದ್ದು, ಯಾರೂ ಮನೆಗೆ ಒಯ್ಯುವಂತಿಲ್ಲ. ಶನಿವಾರದ ಕೊನೆಯ ಪೀರಿಯಡ್ಡು ಆಟ. ತರಗತಿಯಲ್ಲಿ ಇರೋದು ಹನ್ನೊಂದು ಮಕ್ಕಳು, ಅಂದರೆ ನಾಲ್ಕು, ನಾಲ್ಕು, ಮೂರು. (ಕನ್ನಡ ಮಾಧ್ಯಮದ ತರಗತಿ ಇಷ್ಟು ಚಿಕ್ಕದಾಗಿರೋದು ಯಾಕೆ ಅಂತ ಗಡಿಯ ಈಚೆಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.)

ಹೊಸ ಕಾರ್ಡು ಬಂದಾಗೆಲ್ಲ ಡಬ್ಬಿಗೆ ಹಾಕಬೇಕೋ ಬೇಡವೋ ಅನ್ನೋ ಪ್ರಶ್ನೆ ಬರುತ್ತೆ. ಅಂಗಡಿಯವನು ಬೆಲೆ ನೋಡ್ತಾನೆ, ಹುಡುಗರು ಹೊಳಪು ನೋಡ್ತಾರೆ. ನಾನು ನೋಡೋದು ನಾಲ್ಕನೆಯವನನ್ನು. ನಾಲ್ವರು ಕೂತಾಗ ಎಲ್ಲರಿಗಿಂತ ಹಿಂದೆ ಬಿದ್ದವನು ಇರ್ತಾನಲ್ಲ, ಈ ಕಾರ್ಡು ಅವನನ್ನು ಆಟದಲ್ಲಿ ಉಳಿಸುತ್ತೋ, ಇಲ್ಲ ಗೋಡೆಗೆ ಒರಗಿಸಿ ಕೂರಿಸುತ್ತೋ?

ಈ ಲೆಕ್ಕದಲ್ಲಿ ಮೊದಲು ಫೇಲಾಗೋದು ಕುಸ್ತಿಯವರ ಟ್ರಂಪ್ ಕಾರ್ಡು. ನಿಮ್ಮಲ್ಲಿ ಎಷ್ಟು ಜನ ಆಡಿದ್ದೀರೋ! ಆಗ ಅದು ಡಬ್ಲ್ಯೂಡಬ್ಲ್ಯೂಎಫ್, 2002ರಿಂದ ಡಬ್ಲ್ಯೂಡಬ್ಲ್ಯೂಇ. ರ‍್ಯಾಂಕು, ಎತ್ತರ, ತೂಕ, ಎದೆ ಸುತ್ತಳತೆ ಎಲ್ಲ ಅಚ್ಚಾಗಿರುತ್ತೆ. ಒಬ್ಬ "ತೂಕ" ಅಂತಾನೆ, ಯಾರ ಕಾರ್ಡಿನಲ್ಲಿ ತೂಕ ಜಾಸ್ತಿಯೋ ಅವನು ಎಲ್ಲರ ಕಾರ್ಡು ಬಾಚಿಕೊಳ್ತಾನೆ. ದಶಮಾಂಶ ಹೋಲಿಸೋದು ಕಲಿಸಕ್ಕೆ ಇದಕ್ಕಿಂತ ಒಳ್ಳೆ ಸಾಧನ ಇಲ್ಲ, ಒಪ್ಪಿದೆ. ಆದರೆ ಗೆದ್ದವನೇ ಮತ್ತೆ ಕೇಳಬೇಕು ಅನ್ನೋದು ನಿಯಮ. ಅವನು ಮತ್ತೆ ಗೆಲ್ತಾನೆ, ಮತ್ತೆ ಕೇಳ್ತಾನೆ. ನಾಲ್ಕನೆಯವನ ಬಾಯಿಂದ ಒಂದು ಪದವೂ ಹೊರಡದೆ ಕಾರ್ಡು ಖಾಲಿ. ನಾವು ಒಂದು ಸಣ್ಣ ತಿದ್ದುಪಡಿ ಮಾಡಿದ್ವಿ: ಗೆದ್ದವನು ಕಾರ್ಡು ತಗೊಳ್ಳಲಿ, ಆದರೆ ಕೇಳುವ ಸರದಿ ಎಡಗಡೆಯವನಿಗೆ ಹೋಗಲಿ. ಅಷ್ಟಕ್ಕೇ ಆಟ ಬೇರೆಯಾಯ್ತು. ಈಗ ಟ್ರಂಪ್ ಕಾರ್ಡು ಡಬ್ಬಿಯಲ್ಲಿದೆ, ತಿದ್ದುಪಡಿ ಸಮೇತ.

ಆಮೇಲೆ ಬಂದದ್ದು ಚಿನ್ನದ ಬಣ್ಣದ ಪೋಕೆಮಾನ್. ಜಾತ್ರೆಯ ಅಂಗಡಿಯಿಂದ ಹಿಡಿದು ಬಳ್ಳಾರಿಯ ಫುಟ್‌ಪಾತಿನವರೆಗೆ ಎಲ್ಲ ಕಡೆ ಸಿಗುತ್ತೆ. ನಿಜವಾದ ಪೋಕೆಮಾನ್ ಕಾರ್ಡು ಶುರುವಾದದ್ದು ಜಪಾನಿನಲ್ಲಿ, 1996ರಲ್ಲಿ. ಅದು ಇಬ್ಬರ ಆಟ. ಒಬ್ಬೊಬ್ಬರಿಗೆ 60 ಕಾರ್ಡಿನ ಕಟ್ಟು, ಪಕ್ಕದಲ್ಲಿ ಮುಚ್ಚಿಟ್ಟ 6 ಬಹುಮಾನದ ಕಾರ್ಡು, ದಾಳಿ ಮಾಡಬೇಕಾದರೆ ಶಕ್ತಿಯ ಕಾರ್ಡು ಬೇರೆ ಬೇಕು. ಈ ಚಿನ್ನದ ಪೊಟ್ಟಣ ಬಿಚ್ಚಿದರೆ ಬರೀ ಪ್ರಾಣಿಗಳೇ ತುಂಬಿರುತ್ತವೆ, ಶಕ್ತಿಯ ಕಾರ್ಡೇ ಇರಲ್ಲ. ಅಂದರೆ ನೊಗ ಇಲ್ಲದ ಹತ್ತು ಜೊತೆ ಎತ್ತು ಕೊಂಡ ಹಾಗೆ. ಆಡಕ್ಕೆ ಬಾರದ್ದರಿಂದ ಹುಡುಗರು ನೆಲದ ಮೇಲಿಟ್ಟು ಅಂಗೈಯಿಂದ ಬಡಿದು ಮಗುಚುವ ಆಟ ಆಡ್ತಾರೆ, ಮಗುಚಿದವನಿಗೆ ಕಾರ್ಡು. ಕೊಳ್ಳಲು ದುಡ್ಡಿದ್ದವನು ಸೋತರೆ ಮತ್ತೊಂದು ಪೊಟ್ಟಣ ತರ್ತಾನೆ, ಇಲ್ಲದವನು ಸೋತರೆ ಮನೆಗೆ ಹೋಗ್ತಾನೆ. ಇದಕ್ಕೂ ಊರ ಅರಳಿಕಟ್ಟೆಯ ಹಿಂದೆ ನಡೆಯೋದಕ್ಕೂ ಏನು ವ್ಯತ್ಯಾಸ ಹೇಳಿ. ಚಿನ್ನದ ಪೋಕೆಮಾನ್ ಡಬ್ಬಿಗೆ ಬರಲಿಲ್ಲ. ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳಬಹುದು ಅಂತ ಒಪ್ಪಂದ ಆಯ್ತು.

ಮೂರನೆಯದ್ದು ಬಂದದ್ದು ಬೆಂಗಳೂರಿನಿಂದ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಮ್ಯಾಜಿಕ್ ದಿ ಗ್ಯಾದರಿಂಗ್ ಅನ್ನೋ ಆಟದ ಕಟ್ಟುಗಳನ್ನು ಹೊತ್ತು ತಂದ. ಈ ಜಾತಿಯ ಆಟಗಳಿಗೆಲ್ಲ ಮೂಲಪುರುಷ ಇದೇ. 1993ರಲ್ಲಿ ಬಂತು. ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಮಾಡಿ ಕಾಲೇಜಿನಲ್ಲಿ ಪಾಠ ಹೇಳಿದವರು. ನಮ್ಮವರೇ ಅನ್ನಿ! ಮೂಲ ಆಟ ಇಬ್ಬರದು, ತಲಾ 20 ಜೀವ. ಆದರೆ ಕಮಾಂಡರ್ ಅನ್ನೋ ಇನ್ನೊಂದು ಪದ್ಧತಿ ಇದೆ, ಆಟಗಾರರೇ ಮನೆಯಲ್ಲಿ ಕೂತು ಕಟ್ಟಿಕೊಂಡದ್ದು. 2011ರಲ್ಲಿ ಕಂಪನಿಯೂ ಅದಕ್ಕೆಂದೇ ಸಿದ್ಧ ಕಟ್ಟು ಮಾರಲು ಶುರು ಮಾಡಿತು. ಸಾಮಾನ್ಯವಾಗಿ ನಾಲ್ವರು ಕೂರಬೇಕು, ತಲಾ 40 ಜೀವ, ಕಟ್ಟಿನಲ್ಲಿ 100 ಕಾರ್ಡು, ಅದರಲ್ಲಿ ಒಬ್ಬ ನಾಯಕ. ಶಕ್ತಿ ಕೊಡುವ ಸಾದಾ ಭೂಮಿಯ ಕಾರ್ಡು ಬಿಟ್ಟರೆ ಯಾವುದೂ ಎರಡನೆಯ ಪ್ರತಿ ಇರುವಂತಿಲ್ಲ. ಇದು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯ್ತು. ನಾಲ್ವರಿಗೆಂದೇ ಮಾಡಿದ ಆಟ!

ಇಲ್ಲಿ ಕಾರ್ಡಿನ ಬೆಲೆ ಕಟ್ಟೋದೇ ಒಂದು ಪಾಠ. ಲೈಟ್ನಿಂಗ್ ಬೋಲ್ಟ್ ಅಂತ ಒಂದು ಪ್ರಸಿದ್ಧ ಕಾರ್ಡಿದೆ, ಸಿಡಿಲು. ಒಂದೇ ಶಕ್ತಿ ಖರ್ಚು, 3 ಜೀವ ಹೊಡೆತ. ಇಬ್ಬರ ಆಟದಲ್ಲಿ ಎದುರಾಳಿಗೆ ಇರೋದು 20, ಅಂದರೆ ನೂರಕ್ಕೆ ಹದಿನೈದು. ನಾಲ್ವರ ಆಟದಲ್ಲಿ ಮೂರು ಜನ ಎದುರಾಳಿಗಳು, ಒಟ್ಟು 120 ಜೀವ, ಸಿಡಿಲು ನೂರಕ್ಕೆ ಎರಡೂವರೆ ಆಗಿಬಿಡ್ತು. ಕಾರ್ಡು ಅದೇ, ಕೂತವರು ಬೇರೆ. ಏಳನೇ ಕ್ಲಾಸಿನವರು ಈ ಶೇಕಡಾವಾರನ್ನು ತಾವೇ ಲೆಕ್ಕ ಹಾಕಿ "ಸಾರ್, ಇದು ವೇಸ್ಟು" ಅಂದರು. ಅದೇ ಗ್ರೇ ಮರ್ಚೆಂಟ್ ಅನ್ನೋ ಕಾರ್ಡು ನೋಡಿ: ಪ್ರತಿಯೊಬ್ಬ ಎದುರಾಳಿಯಿಂದ ಇಷ್ಟು ಜೀವ ಕಳೆದು, ಕಳೆದದ್ದೆಲ್ಲ ನಿನಗೆ. ಒಂಟಿಯಾಗಿ ಬಂದರೂ ತಲಾ 2. ಇಬ್ಬರ ಆಟದಲ್ಲಿ ಅದು 2, ನಾಲ್ವರ ಆಟದಲ್ಲಿ 6. "ಪ್ರತಿಯೊಬ್ಬ" ಅನ್ನೋ ಒಂದು ಪದ ಮೂರು ಪಟ್ಟು ಮಾಡ್ತು.

ಬರೀ ಬಲ ನೋಡಿದರೂ ಸಾಲದು. ಸೋಲ್ ರಿಂಗ್ ಅಂತ ಒಂದು ಉಂಗುರ, ಒಂದು ಶಕ್ತಿ ಕೊಟ್ಟರೆ ಪ್ರತಿ ಸರದಿಗೂ ಎರಡು ಕೊಡುತ್ತೆ, ಬಹುತೇಕ ಎಲ್ಲ ಸಿದ್ಧ ಕಟ್ಟುಗಳಲ್ಲೂ ಇರುತ್ತೆ. ಮೊದಲ ಸರದಿಗೇ ಅದನ್ನು ಇಟ್ಟ ಹುಡುಗನ ಮೇಲೆ ಉಳಿದ ಮೂವರೂ ಬಿದ್ದರು. ಬೇಗ ಶ್ರೀಮಂತನಾದವನ ಮೇಲೆ ಊರ ಕಣ್ಣು, ಗೊತ್ತಲ್ಲ. ಇನ್ನೊಂದು ರಿಸ್ಟಿಕ್ ಸ್ಟಡಿ: ಎದುರಾಳಿ ಏನು ಆಡಿದರೂ ಒಂದು ಶಕ್ತಿ ಸುಂಕ ಕಟ್ಟಬೇಕು, ಕಟ್ಟದಿದ್ದರೆ ಒಡೆಯನಿಗೆ ಒಂದು ಎಲೆ. ಬಲವಾದ ಕಾರ್ಡೇ. ಆದರೆ ಆಟ ಪೂರ್ತಿ "ಕಟ್ತೀಯಾ? ಕಟ್ತೀಯಾ?" ಅಂತ ಹಾಜರಿ ಕರೆದ ಹಾಗೆ ಆಗುತ್ತೆ. ನಾನು ತೆಗೆದು ಹಾಕಿದೆ.

ನನಗೆ ಇಷ್ಟವಾದದ್ದು ಹೌಲಿಂಗ್ ಮೈನ್. 1993ರ ಮೊದಲ ಕಂತಿನಲ್ಲೇ ಇದ್ದ ಹಳೇ ಕಾರ್ಡು. ಇದು ಮೇಜಿನ ಮೇಲಿದ್ದರೆ ಪ್ರತಿಯೊಬ್ಬರೂ ತಮ್ಮ ಸರದಿಯಲ್ಲಿ ಒಂದು ಎಲೆ ಜಾಸ್ತಿ ಎಳೆಯಬೇಕು. ಖರ್ಚು ಮಾಡಿದವನು ನೀನು, ಮೊದಲು ಉಣ್ಣೋರು ಉಳಿದ ಮೂವರು. ಗೆಲ್ಲಲು ಹೊರಟವನು ಇದನ್ನು ದಡ್ಡತನ ಅಂತಾನೆ. ಆದರೆ ಕೈಯಲ್ಲಿ ಎಲೆಯೇ ಇಲ್ಲದೆ ಕೂತ ನಾಲ್ಕನೆಯವನಿಗೆ ಇದು ಅನ್ನದಾನ. ಅದೂ ಅಲ್ಲದೆ ಅನ್ನ ಹಾಕುವವನನ್ನು ಯಾರೂ ಮೊದಲು ಹೊಡೆಯಲ್ಲ, ಅದೂ ಒಂದು ಉಪಾಯವೇ.

ಹೊಸ ಬಿಡುಗಡೆಗಳಲ್ಲಿ ನಮಗೆ ಒಗ್ಗಿದ್ದು 2024ರ ಆಗಸ್ಟಿನ ಬ್ಲೂಮ್‌ಬರೋ. ಅದರಲ್ಲಿ ಮನುಷ್ಯರೇ ಇಲ್ಲ. ಇಲಿ, ಮೊಲ, ಕಪ್ಪೆ, ಅಳಿಲು. ಪಂಚತಂತ್ರ ಕೇಳಿ ಬೆಳೆದ ಮಕ್ಕಳಿಗೆ ಪರಿಚಯ ಮಾಡಿಕೊಡಬೇಕಾಗಲೇ ಇಲ್ಲ. ಅದರ ಜೊತೆ ಬಂದ ನಾಲ್ಕು ಕಮಾಂಡರ್ ಕಟ್ಟುಗಳಲ್ಲಿ ಪೀಸ್ ಆಫರಿಂಗ್ ಅನ್ನೋದರ ನಾಯಕಿ ಒಂದು ಮೊಲ, ಮಿಸ್ ಬಂಬಲ್‌ಫ್ಲವರ್. ನೀನು ಏನಾದರೂ ಆಡಿದಾಗೆಲ್ಲ ಒಬ್ಬ ಎದುರಾಳಿಗೆ ಒಂದು ಎಲೆ ಕೊಡಬೇಕು. ಯಾರಿಗೆ ಅನ್ನೋದು ನಿನ್ನ ಆಯ್ಕೆ! ಈ ಒಂದು ಪ್ರಶ್ನೆಯ ಮೇಲೆ ನಮ್ಮಲ್ಲಿ ಎಷ್ಟು ರಾಜಿ-ಪಂಚಾಯ್ತಿ ನಡೆದಿದೆ ಅಂದರೆ... 2025ರಲ್ಲಿ ಜೂನಿಗೆ ಫೈನಲ್ ಫ್ಯಾಂಟಸಿ, ಸೆಪ್ಟೆಂಬರಿಗೆ ಸ್ಪೈಡರ್ ಮ್ಯಾನ್ ಬಂತು. ಸ್ಪೈಡರ್ ಮ್ಯಾನ್ ಅಂದ ಕೂಡಲೇ ಹುಡುಗರು ಕುಣಿದರು. ಹಳೇ ವಿದ್ಯಾರ್ಥಿ ದಸರಾ ರಜೆಗೆ ಕೆಲವನ್ನು ತಂದಿದ್ದ, ಓದಿ ನೋಡಿದ್ವಿ. ಮುಖ ಪರಿಚಯದ್ದು, ಅದಕ್ಕಿಂತ ಹೆಚ್ಚಿಗೆ ನಾಲ್ಕನೆಯವನಿಗೆ ಕೊಡುವಂಥದ್ದು ನಮ್ಮ ಕೈಗೆ ಬಂದವುಗಳಲ್ಲಿ ಕಾಣಲಿಲ್ಲ.

ಬೆಲೆಯ ಮಾತು. ಒಂದು ಸಿದ್ಧ ಕಟ್ಟಿಗೆ ನಾಲ್ಕಂಕಿ ರೂಪಾಯಿ. ನಮ್ಮ ಮಕ್ಕಳ ಮನೆಗಳಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯೋರು, ಶೇಂಗಾ ಬೆಳೆಯೋರು. ಆ ಮಾತೇ ಬೇಡ. ಲಗ್ನಪತ್ರಿಕೆಗಳನ್ನು ಕತ್ತರಿಸಿ, ಬಿಳೀ ಬದಿಯಲ್ಲಿ ಕನ್ನಡದಲ್ಲಿ ಬರೆದುಕೊಂಡ್ವಿ. ನಿಜವಾದ ಪಾಠ ಶುರುವಾದದ್ದು ಅಲ್ಲಿ. "ಟಾರ್ಗೆಟ್ ಅಪೋನೆಂಟ್" ಅನ್ನೋದನ್ನು ಒಬ್ಬ "ಗುರಿ ಎದುರಾಳಿ" ಅಂತ ಬರೆದ. ಯಾರಿಗೂ ಅರ್ಥವಾಗಲಿಲ್ಲ. ಚರ್ಚೆಯಾಗಿ "ನೀನು ಆರಿಸಿದ ಒಬ್ಬ ಎದುರಾಳಿ" ಆಯ್ತು. "ಮೇ" ಅಂತಿದ್ದ ಕಡೆ ಒಬ್ಬಳು "ಬೇಕು" ಅಂತ ಬರೆದು, ಆಟದ ಮಧ್ಯೆ ಜಗಳ ಹತ್ತಿ, "ಬಹುದು" ಅಂತ ತಿದ್ದಿದಳು. ಬೇಕು, ಬಹುದು, ಕೂಡದು, ಈ ಮೂರರ ವ್ಯತ್ಯಾಸ ವ್ಯಾಕರಣದ ಪುಸ್ತಕದಿಂದ ಇಷ್ಟು ಚೆನ್ನಾಗಿ ನಾಟಿದ್ದನ್ನು ನಾನು ನೋಡಿಲ್ಲ.

1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಬಂದಾಗಿನಿಂದ ನಮ್ಮದು ಎರಡು ಭಾಷೆಯ ನಡುವಿನ ಬದುಕು. ಮಡಕಶಿರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಅಗಳಿ, ರೊಳ್ಳ, ಅಮರಾಪುರದ ಕಡೆ ಮನೆಮಾತು ಮಾತ್ರ ಕನ್ನಡವೇ. 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಬಂದು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆದರೆ ತಂದೆತಾಯಿಗಳ ಮನಸ್ಸಿನಲ್ಲಿ ಹತ್ತಿದ ಅನುಮಾನ ಕೋರ್ಟಿನಿಂದ ರದ್ದಾಗಲ್ಲ. "ಇಂಗ್ಲಿಷ್ ಬರದಿದ್ದರೆ ಮುಂದೆ ಹೆಂಗೆ ಸಾರ್?" ಅಂತ ಕೇಳುವವರಿಗೆ ನಾನು ಈಗ ಈ ಲಗ್ನಪತ್ರಿಕೆ ಕಾರ್ಡು ತೋರಿಸ್ತೀನಿ. ಇಂಗ್ಲಿಷ್ ಓದದೆ ಇದನ್ನು ಬರೆಯಕ್ಕೆ ಆಗಲ್ಲ, ಕನ್ನಡ ಬಾರದೆ ಇದನ್ನು ಆಡಕ್ಕೆ ಆಗಲ್ಲ.

ಕಾರ್ಡು ಪರದೇಶದ್ದು ಅಂತ ಮೂಗು ಮುರಿಯುವವರಿಗೆ ಗಂಜೀಫಾ ನೆನಪಿಸ್ತೀನಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿಸಿದವರು. ದಶಾವತಾರ ಗಂಜೀಫಾದಲ್ಲಿ 120 ದುಂಡು ಎಲೆ, ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು. ಹಗಲಲ್ಲಿ ರಾಮನಿಂದ ಆಟ ಶುರು, ರಾತ್ರಿಯಾದರೆ ಕೃಷ್ಣನಿಂದ. ಎಷ್ಟು ಚಂದದ ನಿಯಮ ನೋಡಿ!

ಈಗ ಮಕ್ಕಳು ತಮ್ಮದೇ ಎಲೆ ಮಾಡ್ತಿದ್ದಾರೆ. ಮೊದಲು ಬಂದದ್ದು "ಮಳೆ ಬಂತು: ಪ್ರತಿಯೊಬ್ಬರೂ ಎರಡು ಎಲೆ ಎಳೆಯಬೇಕು." ಅನಂತಪುರದ ಮಕ್ಕಳಲ್ಲವೇ, ಅದೇ ಮೊದಲು ಬರಬೇಕು. ಒಪ್ಪಿಗೆಯಾಯ್ತು. ಎರಡನೆಯದ್ದಕ್ಕೆ ತಕರಾರು ಬಂತು. "ಬೋರು ಫೇಲು: ನೀನು ಆರಿಸಿದ ಒಬ್ಬ ಎದುರಾಳಿ ಎರಡು ಸರದಿ ಬಿಡಬೇಕು." ಸರದಿ ಕಿತ್ತುಕೊಳ್ಳುವ ಎಲೆ ನಾಲ್ಕು ಜನದ ಆಟಕ್ಕೆ ಆಗಲ್ಲ, ಒಬ್ಬ ಸುಮ್ಮನೆ ಕೂರಬೇಕಾಗುತ್ತೆ ಅಂದೆ. ಬರೆದ ಹುಡುಗನ ಮನೆಯಲ್ಲಿ ಬೇಸಿಗೆಗೆ ಎರಡು ಬೋರು ಕೊರೆಸಿ ಎರಡೂ ಒಣಗಿದ್ದವು. "ಹಂಗೇ ಅಲ್ವಾ ಸಾರ್ ಆಗೋದು? ಸುಮ್ನೆ ಕೂರೋದೇ" ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೂರು ಶನಿವಾರ ಈ ಒಂದು ಎಲೆಯ ಮೇಲೆ ವಾದ ನಡೀತು. ಕೊನೆಗೆ ಅವನ ಪಕ್ಕ ಕೂರುವ ಹುಡುಗಿ ಕೆಳಗೆ ಒಂದು ಸಾಲು ಸೇರಿಸಿದಳು: "ಒಂದು ಸರದಿ ಬಿಡಬೇಕು. ಉಳಿದವರು ಮನಸ್ಸಿದ್ದರೆ ತಮ್ಮ ಒಂದು ಎಲೆ ಅವನಿಗೆ ಕೊಡಬಹುದು." ಬೇಕು ಅಲ್ಲ, ಬಹುದು.

ಎಲೆ ಡಬ್ಬಿಗೆ ಹೋಯ್ತು. ಇದುವರೆಗೆ ಆರು ಸಲ ಬೋರು ಫೇಲಾಗಿದೆ, ಎರಡು ಸಲ ಯಾರೋ ಎಲೆ ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಲ ಕೊಟ್ಟದ್ದು ಸಿಡಿಲು, ಆ ನೂರಕ್ಕೆ ಎರಡೂವರೆಯ ಎಲೆ.